ಆ ಕಡೆ ಕೂತವನ ಎಣಿಕೆ

ಹಾಳೆ ಮುದುರಬಾರದು ಎಂಬ ಒಂದೇ ಚಿಂತೆಯಲ್ಲಿ ಬಸವೇಶ್ ಹರಪನಹಳ್ಳಿಯಿಂದ ಕೊಟ್ಟೂರಿನವರೆಗೆ ಬಸ್ಸಿನಲ್ಲಿ ನೆಟ್ಟಗೆ ಕೂತೇ ಬಂದಿದ್ದ. ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು, ಫೈಲಿನೊಳಗೆ ಒಂದೇ ಒಂದು ಹಾಳೆ. ಪಕ್ಕದವನು ತೂಕಡಿಸುತ್ತ ಎರಡು ಸಲ ಅದರ ಮೇಲೆ ಮೊಣಕೈ ಊರಿದ. ಎರಡು ಸಲವೂ ಬಸವೇಶ್ ಫೈಲನ್ನು ಹಸುಗೂಸಿನಂತೆ ಎತ್ತಿ ಈ ತೊಡೆಯಿಂದ ಆ ತೊಡೆಗೆ ಹಾಕಿಕೊಂಡ. ‘ಈ ಸಂಶೋಧನೆಯು ನನ್ನ ದಿನನಿತ್ಯದ ವೃತ್ತಿಯಲ್ಲಿ ಉಪಯೋಗಕ್ಕೆ ಬಂದಿದೆ ಎಂದು ಈ ಮೂಲಕ ದೃಢೀಕರಿಸುತ್ತೇನೆ’ ಎಂದು ಹಾಳೆಯಲ್ಲಿ ಅಚ್ಚಾಗಿತ್ತು. ಕೆಳಗೆ ಸಹಿಗೊಂದು ಗೆರೆ, ಅಂಗಡಿಯ ಮೊಹರಿಗೊಂದು ಚೌಕ. ಕಾಲೇಜುಗಳ ಸಂಶೋಧನೆಯೆಲ್ಲ ಕಪಾಟಿನಲ್ಲಿ ಧೂಳು ತಿನ್ನುತ್ತಿದೆ, ಅದು ಕೈಯಾರೆ ಕೆಲಸ ಮಾಡುವವರಿಗೆ ತಲುಪಬೇಕು ಎಂದು ಈಚೆಗೆ ಮೇಲಿನವರಿಗೆ ಅನ್ನಿಸಿದೆ. ಅನ್ನಿಸಿದ ಕೂಡಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಒಂದು ನಮೂನೆ ಅಚ್ಚು ಹಾಕಿಸಿದ್ದು. ಇಂಥ ಮೂರು ಹಾಳೆ ಇವತ್ತು ಸಂಜೆ ಐದರೊಳಗೆ ಕಾಲೇಜಿನ ಕಚೇರಿಗೆ ಸೇರಿದರೆ ಬಸವೇಶನ ಯೋಜನೆ ಇನ್ನೆರಡು ವರ್ಷ ನಡೆಯುತ್ತದೆ. ಒಂಬತ್ತು ವರ್ಷದಿಂದ ಸಹಾಯಕ ಪ್ರಾಧ್ಯಾಪಕನಾಗಿಯೇ ಕೂತವನಿಗೆ ಬಡ್ತಿ ಸಿಗುತ್ತದೆ. ಸೇರದಿದ್ದರೆ ಎರಡೂ ಇಲ್ಲ.

ಎರಡು ಹಾಳೆ ಈಗಾಗಲೇ ಆಗಿದ್ದವು. ಒಂದಕ್ಕೆ ಕಾಲೇಜಿನ ಎಲೆಕ್ಟ್ರಿಷಿಯನ್ ಅಮರೇಶ್ ಸಹಿ ಹಾಕಿದ್ದ. ಓದಿರಲಿಲ್ಲ, ರಜೆಯ ಅರ್ಜಿಗೆ ತಾನು ಬಸವೇಶನಿಂದ ಸಹಿ ಹಾಕಿಸಿಕೊಳ್ಳುವಾಗ ಬಸವೇಶನೂ ಓದುವುದಿಲ್ಲ, ಹಾಗಾಗಿ ಅದು ಸರಿಯೇ ಎನ್ನುವಂತೆ ನಿಂತೇ ಗೀಚಿದ್ದ. ಇನ್ನೊಂದು ಹೆಂಡತಿಯ ತಮ್ಮನದು. ಅವನದು ಹರಪನಹಳ್ಳಿಯಲ್ಲಿ ಪಂಪಿನ ಅಂಗಡಿ. ಮೊಹರು ಹೊಡೆದು, ‘ಭಾವ, ಇನ್ನೊಂದು ಹೊಡೀಲಾ? ಇಂಕು ಇನ್ನೂ ಐತೆ’ ಎಂದು ನಕ್ಕಿದ್ದ. ಬಸವೇಶ್ ಕೂಡ ನಕ್ಕಿದ್ದ. ರಾತ್ರಿ ಊಟಕ್ಕೆ ಕೂತಾಗ ಆ ನಗು ನೆನಪಾಗಿ ಅರ್ಧಕ್ಕೇ ಎದ್ದು ಕೈ ತೊಳೆದಿದ್ದ. ಮೂರನೆಯದಕ್ಕೆ ಮಾತ್ರ ಅಡ್ಡದಾರಿ ಇರಲಿಲ್ಲ. ‘ಕೊಟ್ಟೂರಿನ ಒಂದು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಮಾಹಿತಿ ಸಂಗ್ರಹಿಸಲಾಯಿತು’ ಎಂದು ಪ್ರಬಂಧದಲ್ಲಿ ಅವನೇ ಬರೆದುಕೊಂಡಿದ್ದ. ಆ ಅಂಗಡಿಗೆ ಬಂದು ಹೋಗಿ ಒಂದೂವರೆ ವರ್ಷವಾಗಿತ್ತು.

ಹಾಲೇಶಪ್ಪನ ಅಂಗಡಿ ಬದಲಾಗಿರಲಿಲ್ಲ. ಹೊರಗೆ ಬೋರಿನಿಂದ ಎತ್ತಿದ ಪೈಪುಗಳ ರಾಶಿ, ಒಳಗೆ ಸುಟ್ಟ ತಂತಿಯ ವಾಸನೆ, ಎಡಗಡೆಯ ಗೋಡೆಯ ತುಂಬ ಮೊಳೆ. ಒಂದೊಂದು ಮೊಳೆಗೂ ಒಂದೊಂದು ತುಂಡು ಸುಟ್ಟ ತಂತಿಯ ಸುರುಳಿ, ಸುರುಳಿಗೆ ದಾರದಲ್ಲಿ ಕಟ್ಟಿದ ಚೀಟಿ: ಹೊಳಲು, ಕೋಗಳಿ, ಹೊಸಹಳ್ಳಿ, ಊರಿನ ಹೆಸರು, ಹೊಲದವರ ಹೆಸರು, ತಾರೀಕು. ಹೊಸದಾಗಿ ಸುತ್ತಿಸಿಕೊಂಡು ಹೋದ ಮೋಟರ್ ಒಂದು ಬೆಳೆಯ ಕಾಲ ಕೆಡದೆ ಓಡುವವರೆಗೆ ಹಳೆಯ ಸುರುಳಿಯನ್ನು ಈ ಅಂಗಡಿಯಲ್ಲಿ ಎಸೆಯುವುದಿಲ್ಲ. ಅದು ಇಲ್ಲಿ ಸುತ್ತುವ ಕೆಲಸ ಮಾಡುವ ಮೈಲಮ್ಮ ಹಾಕಿದ ಪದ್ಧತಿ. ಎರಡೂವರೆ ವರ್ಷದ ಹಿಂದೆ ಬಸವೇಶ್ ಮೊದಲ ಸಲ ಬಂದಾಗ ಈ ಗೋಡೆಯ ಫೋಟೊ ತೆಗೆದು ಪ್ರಬಂಧದ ಮೂರನೆಯ ಪುಟಕ್ಕೆ ಹಾಕಿದ್ದ. ಫೋಟೊದ ಕೆಳಗೆ ‘ಕಾರ್ಯಾಗಾರದ ಒಂದು ನೋಟ’ ಎಂದಿತ್ತು.

“ಬರ್ರಿ ಮೇಷ್ಟ್ರೆ, ಬರ್ರಿ! ಎಲ್ಲಿ ಮಾಯ ಆಗಿದ್ರಿ?” ಎಂದು ಹಾಲೇಶಪ್ಪ ಎದ್ದು ಬಂದ. ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಬಸವೇಶ್ ಹಾಳೆಯ ವಿಷಯ ಹೇಳುವ ಮೊದಲೇ, “ಸಹಿ ತಾನೇ? ನಿನ್ನಿ ಫೋನ್ ಮಾಡಿ ಹೇಳಿದ್ರಲ್ಲ. ಒಂದಲ್ಲ, ನಾಕು ಮಾಡ್ತೀನಿ. ಮೊಹರು ಮನ್ಯಾಗೈತಿ, ಹೋಗಿ ತರ್ತೀನಿ. ಅಲ್ಲೀತನ ನಮ್ಮದೊಂದು ಕೆಲಸ ಮಾಡಿಕೊಡ್ರಿ” ಎಂದ. ಕೋಗಳಿಯ ನಾಗಪ್ಪನ ಮೋಟರ್ ನಾಳೆ ಬೆಳಿಗ್ಗೆ ಕೊಡಬೇಕು. ಮೈಲಮ್ಮನ ಎದುರು ಕೂರುವ ಕಲ್ಯಾಣಮ್ಮ ಇವತ್ತು ಮೊಮ್ಮಗಳ ನಾಮಕರಣಕ್ಕೆ ಹಡಗಲಿಗೆ ಹೋಗಿದ್ದಾಳೆ. ಈ ಕೆಲಸ ಒಬ್ಬರಿಂದ ಆಗುವುದಿಲ್ಲ. “ನೀವು ಆ ಕಡಿ ಕುಂತು ತಂತಿ ಜಗ್ಗಿ ಕೊಟ್ರಾತು. ದೊಡ್ಡ ಇಂಜಿನಿಯರ್ರು, ನಿಮಗೇನು ಹೇಳಿಕೊಡೂದು!” ಬೈಕು ಹೊರಟೇಹೋಯಿತು. ಬಸವೇಶನಿಗೆ ಪಿಚ್ಚೆನ್ನಿಸಿತು. ಸಹಿ ಕೇಳಲು ಬಂದವನನ್ನು ಕೂಲಿಗೆ ಹಚ್ಚಿ ಹೋದನಲ್ಲ ಎಂದು ಒಂದು ಕಡೆ; ಹನ್ನೆರಡೂವರೆಯ ಬಸ್ಸು ತಪ್ಪಿದರೆ ಎರಡಕ್ಕೆ ಇನ್ನೊಂದು, ಅದು ತಪ್ಪಿದರೆ ಐದಕ್ಕೆ ತಲುಪುವುದಿಲ್ಲ ಎಂಬ ಲೆಕ್ಕ ಇನ್ನೊಂದು ಕಡೆ. ಫೈಲನ್ನು ಎಣ್ಣೆ ತಾಗದ ಜಾಗ ಹುಡುಕಿ ಸ್ಟೂಲಿನ ಮೇಲಿಟ್ಟ.

ಮೈಲಮ್ಮ ಗೋಣಿತಾಟಿನ ಮೇಲೆ ಕಾಲು ಚಾಚಿ ಕೂತಿದ್ದಳು. ನಲವತ್ತು ದಾಟಿದ ಹೆಂಗಸು, ಕುರಿ ಸಾಕುವ ಮನೆಯವಳು, ಹದಿನಾಲ್ಕು ವರ್ಷದಿಂದ ಇಲ್ಲಿ ಮೋಟರ್ ಸುತ್ತುತ್ತಿದ್ದಳು. ಅವಳ ಮುಂದೆ ಬೋರಿಗೆ ಇಳಿಸುವ ಮೋಟರಿನ ಹೊರಕವಚ ಅಡ್ಡ ಮಲಗಿತ್ತು: ಎರಡು ಮೊಳದ ಕಬ್ಬಿಣದ ಕೊಳವೆ, ಅದರೊಳಗೆ ಸುತ್ತಲೂ ಉದ್ದಕ್ಕೆ ಸೀಳಿದ ಇಪ್ಪತ್ನಾಲ್ಕು ಸಂದು. ತಂತಿಯನ್ನು ಒಂದು ಸಂದಿನಲ್ಲಿ ಈಚೆಯಿಂದ ತೂರಿಸಬೇಕು, ಆಚೆ ಕೂತವರು ಹಿಡಿದು ಜಗ್ಗಿ ಇನ್ನೊಂದು ಸಂದಿನಿಂದ ವಾಪಸು ಕಳಿಸಬೇಕು. ಅದು ಒಂದು ಸುತ್ತು. ಅಂಥ ಇಪ್ಪತ್ತಾರು ಸುತ್ತಿಗೆ ಒಂದು ಕಾಯಿಲ್. “ಎಣಸೋರು ಆ ಕಡಿಯವ್ರು ಸರ” ಎಂದಳು ಮೈಲಮ್ಮ. “ನನ್ನ ಕಣ್ಣೆಲ್ಲ ತಂತಿ ಮ್ಯಾಲೆ. ಎಲ್ಲ್ಯಾರ ಉಗುರು ತಾಗಿ ಸಿಪ್ಪಿ ಕಿತ್ತರ ನೀರು ಹೊಕ್ಕು ಮೋಟರ್ ಹೋತು. ನಾನು ಎಣಸಂಗಿಲ್ಲ. ಹತ್ತು ಆದ ಕೂಡ್ಲೆ ಕೊಳವಿಗೆ ಒಂದೇಟು ಬಡೀರಿ, ಇಪ್ಪತ್ತಕ್ಕ ಇನ್ನೊಂದು. ಕಲ್ಯಾಣಕ್ಕ ಬಳಿಲೆ ಬಡೀತಾಳ.” ಬಸವೇಶ್ ಪ್ಯಾಂಟಿನ ಇಸ್ತ್ರಿ ಕೆಡದಂತೆ ಕೂರಲು ನೋಡಿದ, ಆಗಲಿಲ್ಲ, ಕೂತ. ಕೊಳವೆಯ ತೂತಿನ ಆ ತುದಿಯಲ್ಲಿ ಮೈಲಮ್ಮನ ಬೆರಳುಗಳು ಕಂಡವು, ಮುಖ ಕಾಣಲಿಲ್ಲ.

ಮೊದಲ ಎರಡು ಕಾಯಿಲ್ ಚೆನ್ನಾಗಿಯೇ ಆದವು. ಉಂಗುರದಿಂದ ಬಡಿದಾಗ ಕೊಳವೆ ಟಣ್ಣೆಂದದ್ದು ಕೇಳಿ ಅವನಿಗೆ ಹುಡುಗುತನದ ಖುಷಿಯಾಯಿತು. ಮೋಟರುಗಳ ಬಗ್ಗೆ ನಾಲ್ಕು ವರ್ಷ ಬರೆದಿದ್ದೇನೆ, ಒಂದನ್ನೂ ಹೀಗೆ ಮುಟ್ಟಿಲ್ಲ ಎಂದುಕೊಂಡ. ಪ್ರಯೋಗಾಲಯದ ಮೋಟರು ಕಟ್ಟೆಯ ಮೇಲೆ ಬಣ್ಣ ಬಳಿದುಕೊಂಡು ಕೂತಿತ್ತು, ಅದಕ್ಕೆ ದಿನವಿಡೀ ನಾನೂರ ಹದಿನೈದು ವೋಲ್ಟು ಅಲುಗಾಡದೆ ಬರುತ್ತಿತ್ತು. ಬೇಕೆಂದೇ ಅದರ ಬೇರಿಂಗಿಗೆ ತೂತು ಕೊರೆದು, ಕರೆಂಟಿನಲ್ಲಿ ಆಗುವ ಏರಿಳಿತ ಅಳೆದು, ಕೆಟ್ಟರೆ ಕೆಂಪು ಸರಿಯಿದ್ದರೆ ಹಸಿರು ದೀಪ ತೋರಿಸುವ ಪೆಟ್ಟಿಗೆ ಮಾಡಿದ್ದ. ಅಂಥ ನಾಲ್ಕು ಪೆಟ್ಟಿಗೆ ತಂದು ಈ ಅಂಗಡಿಗೆ ಕೊಟ್ಟಿದ್ದ. ಸುತ್ತಿಸಿಕೊಂಡು ಹೋದ ರೈತರು ಅದನ್ನು ಸ್ಟಾರ್ಟರ್ ಪಕ್ಕ ಸಿಕ್ಕಿಸಿ ಎಂಟು ದಿನ ಬಿಟ್ಟು ತಂದುಕೊಡಬೇಕು. ಅಳತೆಗಳು ತಾವೇ ಕಾಲೇಜಿಗೆ ಬರುತ್ತವೆ. ಅವತ್ತು ಅಂಗಡಿಯವರನ್ನೆಲ್ಲ ಕೂರಿಸಿ ಅರ್ಧ ತಾಸು ಭಾಷಣವನ್ನೂ ಮಾಡಿದ್ದ. ಕೊನೆಗೆ ಒಬ್ಬಳೇ, ಇವಳೇ, ಕೇಳಿದ್ದಳು: ಕರೆಂಟೇ ಸರಿ ಇಲ್ಲದಾಗ ದೀಪ ಏನು ತೋರಸ್ತೈತ್ರಿ ಸರ? ಅದು ಬೇರೆ ವಿಷಯ, ನಮ್ಮ ಸಂಶೋಧನೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಬಸವೇಶ್ ನಗುಮುಖದಿಂದ ಉತ್ತರ ಕೊಟ್ಟಿದ್ದ. ಆ ನಗುಮುಖ ಈಗ ಕೊಳವೆಯ ಈ ತುದಿಯಲ್ಲಿ ನೆನಪಾಯಿತು. ಹದಿನಾರು, ಹದಿನೇಳು.

ಎಂಟು ತಿಂಗಳಲ್ಲಿ ಸಾವಿರದ ಒಂಬೈನೂರ ನಲವತ್ತು ಸಾಲು ಅಳತೆ ಬಂದಿತ್ತು. ಹಾಕಿ ನೋಡಿದರೆ ಅವನ ಲೆಕ್ಕ ನೂರಕ್ಕೆ ಅರವತ್ತೊಂದು ಮಾತ್ರ ಸರಿ. ಚೆನ್ನಾಗಿರುವ ಮೋಟರಿಗೂ ಪೆಟ್ಟಿಗೆ ಕೆಂಪು ತೋರಿಸುತ್ತಿತ್ತು. ಮಾರ್ಗದರ್ಶಕರು ಕನ್ನಡಕ ಹಣೆಗೇರಿಸಿ, ‘ಮುನ್ನೂರೈವತ್ತಕ್ಕಿಂತ ಕಡಿಮೆ ವೋಲ್ಟೇಜಿನವೆಲ್ಲ ಬರೀ ಗದ್ದಲ, ತೆಗೆದು ಸ್ವಚ್ಛ ಮಾಡಿ’ ಎಂದರು. ಒಂದು ಮಧ್ಯಾಹ್ನ ಬಸವೇಶ್ ಒಂದು ಗುಂಡಿ ಒತ್ತಿದ. ಸಾವಿರದ ಇನ್ನೂರ ಹನ್ನೆರಡು ಸಾಲು ಹೋಗಿ ಏಳುನೂರ ಇಪ್ಪತ್ತೆಂಟು ಉಳಿದವು, ಅರವತ್ತೊಂದು ತೊಂಬತ್ತಾರಾಯಿತು. ಅವನು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದ. ಪ್ರಬಂಧ ಅಚ್ಚಾದ ಮೇಲೆ ಕಾಲೇಜಿನವರು ಶಾಲು ಹೊದಿಸಿದರು. ‘ಸ್ಥಳೀಯ ತಂತ್ರಜ್ಞರೊಬ್ಬರ ಸಹಕಾರಕ್ಕೆ ಕೃತಜ್ಞತೆ’ ಎಂದು ಕೊನೆಯಲ್ಲೊಂದು ಸಾಲಿತ್ತು. ಎಲ್ಲರೂ ಮಾಡುವುದೇ ಇದು. ಮೋಸವೆಂದು ಯಾರೂ ಹೇಳುವುದಿಲ್ಲ, ಹೇಳಿದವರಿಲ್ಲ. ಹಾಗಿದ್ದರೂ ಒಂದೂವರೆ ವರ್ಷ ಅವನು ಕೊಟ್ಟೂರಿನ ದಾರಿ ತಪ್ಪಿಸಿಯೇ ಓಡಾಡಿದ್ದ. ಕೂಡ್ಲಿಗಿಗೆ ಮದುವೆಗೆ ಹೋಗುವಾಗ ಕೂಡ ಸುತ್ತು ಹಾಕಿ ಹೋಗಿದ್ದ.

“ಒಂದು ಕೇಳಬೇಕಿತ್ತು ಸರ” ಎಂದಿತು ಕೊಳವೆ. ಮೂರನೆಯ ಕಾಯಿಲ್ ಅರ್ಧ ಆಗಿತ್ತು. ಮೈಲಮ್ಮ ಕೆಲಸ ಮಾಡುವಾಗ ಮಾತಾಡುತ್ತಾಳೆ, ಎದುರು ಕೂತವರು ಮಾತಾಡುವುದಿಲ್ಲ, ಅದು ಇಲ್ಲಿಯ ರೂಢಿ. ಅದು ಅವನಿಗೆ ಆಮೇಲೆ ಹೊಳೆಯಿತು. “ಆ ಪೆಟ್ಟಿಗಿ ಕೆಂಪಾದ ಹೊತ್ತು ಬರದಿಡ್ರಿ ಅಂದಿದ್ರಲ್ಲ, ಪೆಟ್ಟಿಗಿ ತಂದುಕೊಟ್ಟೋರನ್ನ ಕೇಳಿ ಬರದಿಟ್ಟೀನಿ. ಇಲ್ಲೀತನ. ನೀವು ಸಾಕು ಅಂತ ಹೇಳಲೇ ಇಲ್ಲ.”

ಬಸವೇಶ್ ತಂತಿ ಜಗ್ಗಿ ವಾಪಸು ಕಳಿಸಿದ. ಎಂಟು ತಿಂಗಳ ಅಳತೆ ಸಾಕೆನ್ನಿಸಿದ ಕೂಡಲೆ ಪೆಟ್ಟಿಗೆಗಳ ಸಿಮ್ಮಿಗೆ ರೀಚಾರ್ಜ್ ನಿಲ್ಲಿಸಿದ್ದ. ಅಳತೆ ಬರುವುದು ನಿಂತಿತ್ತು. ದೀಪ ಹತ್ತುವುದು ನಿಂತಿರಲಿಲ್ಲ.

“ಎರಡು ನೋಟ್‌ಬುಕ್ಕಾತು. ಮೊದಲ ನನಗೂ ತಿಳೀಲಿಲ್ಲ ಸರ, ಇದೇನು ಎಲ್ಲಾ ಮೋಟರಿಗೂ ಕೆಂಪು ತೋರಸ್ತೈತಿ, ಕೆಟ್ಟೈತೇನೋ ಪೆಟ್ಟಿಗಿ ಅಂತ. ಆಮ್ಯಾಲೆ ಮಳಿ ಹಚ್ಚಿ ಹೊಡದು ಎರಡು ದಿನ ಕೆಲಸ ಇರಲಿಲ್ಲ, ನೋಟ್‌ಬುಕ್ ಹಿಡಕೊಂಡು ಈ ಮೊಳಿ ಮುಂದ ನಿಂತೆ. ಹೊಸಹಳ್ಳಿ ಕಡೆ ಒಂದು ಟೀಸಿ, ಅದೇ ಟ್ರಾನ್ಸ್‌ಫಾರ್ಮರ್, ಅದರ ಮ್ಯಾಲೆ ಹನ್ನೊಂದು ಮೋಟರ್ ಅದಾವ. ಹನ್ನೊಂದರ ಮನ್ಯಾಗೂ ಕೆಂಪು ಹತ್ತಿದ್ದು ಒಂದೇ ಹೊತ್ತಿಗೆ. ತ್ರೀಫೇಸ್ ಕರೆಂಟ್ ಕೊಟ್ಟ ಹತ್ತು ನಿಮಿಷದಾಗ. ಗೋಡಿ ಮ್ಯಾಲಿನ ಕಾಯಿಲ್ ನೋಡಿದ್ರ, ಸುತ್ತಾಕಡೆ ಒಂದೇ ಸಮ ಕರ್ರಗಾಗ್ಯಾವ. ಮೋಟರ್‌ದು ತಪ್ಪಲ್ಲ ಸರ ಅದು. ಎಲ್ಲಾರೂ ಆಟೋ ಸ್ಟಾರ್ಟರ್ ಹಾಕ್ಯಾರ. ಕರೆಂಟ್ ಬಂತಂದ್ರ ಹನ್ನೊಂದೂ ಒಮ್ಮೆಗೇ ಏಳ್ತಾವ, ವೋಲ್ಟೇಜ್ ಕುಸೀತೈತಿ, ಮುಕ್ಕರದು ಮುಕ್ಕರದು ಸುಡ್ತಾವ. ಒಬ್ಬೊಬ್ರ ಮನಿಗೂ ಹೋಗಿ ಟೈಮರ್ ತಿರುವಿ ಬಂದೆ. ಒಬ್ರದು ಎರಡು ನಿಮಿಷಕ್ಕ, ಒಬ್ರದು ನಾಕಕ್ಕ, ಒಬ್ರದು ಆರಕ್ಕ. ಒಂದು ವರ್ಷಾತು, ಹನ್ನೊಂದರಾಗ ಒಂದೂ ಈ ಅಂಗಡಿಗೆ ತಿರುಗಿ ಬಂದಿಲ್ಲ. ಯಜಮಾನ್ರು ಚ್ಯಾಷ್ಟಿ ಮಾಡ್ತಾರ, ಈಕಿ ನನ್ನ ಅಂಗಡಿ ಮುಚ್ಚಸ್ತಾಳ ಅಂತ.”

ತಂತಿ ಹೋಗುತ್ತಿತ್ತು, ಬರುತ್ತಿತ್ತು. ಸಾವಿರದ ಇನ್ನೂರ ಹನ್ನೆರಡು ಸಾಲು. ಅವನ ಕಂಪ್ಯೂಟರಿನಲ್ಲೂ ಹೊತ್ತು ಇತ್ತು, ತಾರೀಕು ಇತ್ತು, ಎಲ್ಲ ಇತ್ತು. ಒಂದರ ಪಕ್ಕ ಒಂದಿಟ್ಟು ನೋಡಿದ್ದರೆ ಅರ್ಧ ದಿನದ ಕೆಲಸ. ಗದ್ದಲ.

“ಮಂದಿ ಮೊದಲ ಒಪ್ಪಲಿಲ್ಲ ಬಿಡ್ರಿ” ಎಂದಳು ಮೈಲಮ್ಮ. “ಮೋಟರ್ ಸುತ್ತಾಕಿ ನಮಗೇನು ಹೇಳ್ತಾಳ, ನಮ್ಮ ಪಾಳಿ ತಡಾ ಆದ್ರ ನೀರು ಕಡಿಮಿ ಆಗ್ತೈತಿ ಅಂದ್ರು. ಅದಕ್ಕ ನಾನು, ಇದು ನನ್ನ ಮಾತಲ್ಲ, ಕಾಲೇಜಿನ ಬಸವೇಶ್ ಸರ್ ಪರೀಕ್ಷಾ ಮಾಡಿ ಪುಸ್ತಕದಾಗ ಬರದಾರ ಅಂದೆ. ಆಗ ಒಪ್ಪಿದ್ರು. ಬಂದೈತಲ್ರಿ ಸರ, ನಿಮ್ಮ ಪುಸ್ತಕದಾಗ?”

“ಬಂದೈತೆ” ಎಂದ ಬಸವೇಶ್.

ಬಾಯಿಂದ ಬಿದ್ದ ಮೇಲೆ ಅವನಿಗೆ ಎರಡು ಗೊತ್ತಾದವು. ತಾನು ಸುಳ್ಳು ಹೇಳಿದ್ದು ಒಂದು, ಎಣಿಕೆ ತಪ್ಪಿದ್ದು ಇನ್ನೊಂದು. ಹತ್ತಕ್ಕೆ ಬಡಿದಿದ್ದ. ಇಪ್ಪತ್ತಕ್ಕೆ ಬಡಿದನೋ? ಮೈಲಮ್ಮನ ಕೈ ನಿಂತಿತು. “ಎಷ್ಟಾತು ಸರ?” ಬಸವೇಶ್ “ಇಪ್ಪತ್ಮೂರು” ಎಂದ. ದನಿ ಗಟ್ಟಿಯಾಗಿಯೇ ಇತ್ತು, ತರಗತಿಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಉತ್ತರ ಕೊಡುವಾಗಿನ ದನಿ. ಆಮೇಲೆ ಮೈಲಮ್ಮ ಎದ್ದು ಬಂದಳು. ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವವಳಂತೆ ತಂತಿಯ ಕಟ್ಟನ್ನು ಬೆರಳಿನಿಂದ ಸರಿಸಿ ನೋಡಿದಳು. ಒಂದರ ಮೇಲೊಂದು ಹೊರಳಿ ಕೂತ ತಂತಿ. ಹೊರಗಿನಿಂದ ಎಣಿಸಿದರೆ ಒಂದೆರಡು ಹೆಚ್ಚುಕಡಿಮೆ ಬರುತ್ತದೆ. “ಇಪ್ಪತ್ಮೂರ ಐತೇನ್ರಿ?” ಎಂದು ಮತ್ತೊಮ್ಮೆ ಕೇಳಿದಳು. ಅವನು ತಾನೂ ಬಗ್ಗಿ ಹೊರಗಿನಿಂದ ಎಣಿಸಲು ನೋಡಿದ.

“ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂದುಬಿಡ್ರಿ ಸರ. ತಗದು ಮತ್ತ ಹಾಕಿದ್ರಾತು. ಒಂದು ಸುತ್ತು ಕಡಿಮಿ ಬಿದ್ರ ಮೋಟರ್ ಓಡ್ತೈತಿ. ಓಡೂದೇ ತೊಂದ್ರಿ. ನಾಕು ತಿಂಗಳು ಓಡಿ, ಬೆಳಿ ಕಾಳು ಕಟ್ಟೋ ಹೊತ್ತಿಗೆ ಸುಡ್ತೈತಿ.”

ಬೈಗುಳವಲ್ಲ, ಮೂದಲಿಕೆಯೂ ಅಲ್ಲ. ಹಾಗೆ ಹೇಳಿ ಅವಳು ಅರ್ಧ ತಾಸಿನ ಕೆಲಸವನ್ನು ಸುತ್ತು ಸುತ್ತಾಗಿ ಬಿಚ್ಚತೊಡಗಿದಳು. ತಂತಿಯನ್ನು ನೆಲಕ್ಕೆ ತಾಗಿಸದೆ ಮೊಣಕೈಗೆ ಸುತ್ತಿಕೊಳ್ಳುತ್ತಿದ್ದಳು. ಬಸವೇಶ್ ಅದನ್ನೇ ನೋಡುತ್ತ ಕೂತ. ಒಂದು ಸಂಖ್ಯೆ ಗೊತ್ತಿಲ್ಲದ್ದಕ್ಕೆ ಇವಳು ಇಡೀ ಕಾಯಿಲ್ ತೆಗೆಯುತ್ತಾಳೆ. ಬೇಡವಾದ ಸಂಖ್ಯೆಗಳನ್ನು ತೆಗೆದು ತಾನು ಶಾಲು ಹೊದ್ದೆ. ಓಡಿಹೋಗಬೇಕೆನಿಸಿತು. ಹನ್ನೆರಡೂವರೆಯ ಬಸ್ಸು ಆಗಲೇ ಹೋಗಿತ್ತು.

“ಪುಸ್ತಕದಾಗ ಬಂದಿಲ್ಲ, ಮೈಲಮ್ಮನೋರೆ” ಎಂದ. “ಆ ಹೊಸಹಳ್ಳಿ ಅಳತೆ, ಕೆಂಪು ದೀಪದ್ದು, ಅವನ್ನೆಲ್ಲ ನಾನೇ ತೆಗೆದು ಹಾಕಿದೆ.”

ಬಿಚ್ಚುವ ಕೈ ನಿಲ್ಲಲಿಲ್ಲ. ಕೊನೆಯ ಸುತ್ತು ಬಿಚ್ಚಿ, ಸುರುಳಿ ಮಾಡಿ, ತೊಡೆಯ ಮೇಲಿಟ್ಟುಕೊಂಡು, “ಹಂಗಾರ ನಾನು ಹನ್ನೊಂದು ಮನಿಗೆ ಸುಳ್ಳು ಹೇಳಿದಂಗಾತು” ಎಂದಳು.

“ಸುಳ್ಳಲ್ಲ. ನೀವು ಹೇಳಿದ್ದು ಖರೇನೇ ಐತೆ.”

“ಖರೇ ಇದ್ರ ಪುಸ್ತಕದಾಗ ಯಾಕಿಲ್ಲ?”

ಇದಕ್ಕೆ ಅವನ ಬಳಿ ಉತ್ತರಗಳಿದ್ದವು. ವ್ಯಾಪ್ತಿ, ಮಾದರಿ, ಶುದ್ಧೀಕರಣ, ಮಾರ್ಗದರ್ಶಕರು. ಒಂದೊಂದನ್ನೂ ನಾಲಿಗೆಯ ತುದಿಯವರೆಗೆ ತಂದು ನೋಡಿದ, ಒಂದೂ ಈ ಗೋಣಿತಾಟಿನ ಮೇಲೆ ಕೂರುವಂತಿರಲಿಲ್ಲ. “ಅವು ಇದ್ರೆ ನನ್ನ ಲೆಕ್ಕ ಸರಿ ಕಾಣ್ತಿರಲಿಲ್ಲ. ಅದಕ್ಕೆ” ಎಂದ.

ಮೈಲಮ್ಮ ಗೋಡೆಯ ಕಡೆ ನೋಡಿದಳು. ಸಿಟ್ಟು ಬಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ನಾಳಿ ನಾಗಪ್ಪ ಬರ್ತಾನ, ಈ ಮೋಟರ್ ಒಯ್ಯಾಕ” ಎಂದಳು. “ಅವರ ಟೀಸಿ ಮ್ಯಾಲೆ ಒಂಬತ್ತು ಮೋಟರ್. ಮೂರು ಸಲ ಸುಟ್ಟಾವ. ಆ ಪುಸ್ತಕ ತೋರಿಸು, ಊರಾಗ ಎಲ್ಲಾರನೂ ನಾನೇ ಒಪ್ಪಸ್ತೀನಿ ಅಂದಾನ. ನೀವು ಬರ್ತೀರಿ ಅಂತ ಯಜಮಾನ್ರು ನಿನ್ನಿ ಹೇಳಿದಾಗಿಂದ ಕಾಯಾಕತ್ತಿದ್ದೆ, ಒಂದು ಹಾಳಿ ಇಸ್ಗೊಂಡ್ರಾತು ಅಂತ.”

ಬಸವೇಶ್ ಎದ್ದ. ಮಂಡಿ ಹಿಡಿದುಕೊಂಡಿತ್ತು. ಸ್ಟೂಲಿನ ಮೇಲಿನ ಫೈಲು ತೆಗೆದು, ಬಸ್ಸಿನಲ್ಲಿ ಅಷ್ಟು ಜೋಪಾನವಾಗಿ ತಂದ ಹಾಳೆಯನ್ನು ಹೊರಗೆಳೆದು, ಬೋರಲು ಹಾಕಿದ. ಪೆನ್ನು ಹಿಡಿದ ಮೇಲೆ ಗೊತ್ತಾಯಿತು, ತನ್ನ ಕೆಲಸದ ಬಗ್ಗೆ ಕನ್ನಡದಲ್ಲಿ ಒಂದು ಸಾಲನ್ನೂ ಈವರೆಗೆ ಬರೆದಿಲ್ಲ. ಅಕ್ಷರ ಡೊಂಕಾದವು. ಒಂದೇ ಟೀಸಿಯ ಮೋಟರುಗಳು ಒಮ್ಮೆಗೇ ಶುರುವಾದರೆ ವೋಲ್ಟೇಜು ಕುಸಿದು ಸುಡುತ್ತವೆ, ಒಂದೊಂದಕ್ಕೆ ಎರಡೆರಡು ನಿಮಿಷ ಬಿಡಬೇಕು. ಇದನ್ನು ಕಂಡುಹಿಡಿದವರು ಕೊಟ್ಟೂರಿನ ಮೈಲಮ್ಮ. ಇದಕ್ಕೆ ಸಾಕ್ಷಿಯಾದ ಸಾವಿರದ ಇನ್ನೂರು ಅಳತೆಗಳು ನನ್ನ ಬಳಿ ಇದ್ದವು, ನನ್ನ ಪ್ರಬಂಧಕ್ಕೆ ಅನುಕೂಲವಲ್ಲವೆಂದು ನಾನು ಬಿಟ್ಟಿದ್ದೆ. ಅವರು ಹೇಳುವುದು ಸರಿ. ಹೆಸರು, ಹುದ್ದೆ, ಕಾಲೇಜು. ಸಹಿ ಹಾಕಿ ಕೊಟ್ಟ.

ಅವಳು ಕೈ ಒರೆಸಿಕೊಂಡು, ತುಟಿ ಅಲ್ಲಾಡಿಸುತ್ತ, ನಿಧಾನಕ್ಕೆ ಓದಿದಳು. ತನ್ನ ಹೆಸರಿದ್ದಲ್ಲಿ ನಿಂತು ಮುಂದೆ ಹೋದಳು. “ಬರೋಬ್ಬರಿ ಸಾವಿರದ ಇನ್ನೂರೇನ್ರಿ?”

“ಸಾವಿರದ ಇನ್ನೂರ ಹನ್ನೆರಡು.”

“ಹಂಗಾರ ಹನ್ನೆರಡೂ ಬರೀರಿ. ತಾರೀಕೂ ಹಾಕ್ರಿ.”

ಬರೆದ, ಹಾಕಿದ. ಅವಳು ದಬ್ಬಳದಿಂದ ಹಾಳೆಗೆ ತೂತು ಮಾಡಿ, ದಾರ ಪೋಣಿಸಿ, ಕೋಗಳಿಯ ನಾಗಪ್ಪನ ಸುರುಳಿಯಿದ್ದ ಮೊಳೆಗೆ ಕಟ್ಟಿದಳು. ಅವನ ಡೊಂಕು ಅಕ್ಷರ ಈ ಕಡೆ ಬಂತು, ಅಚ್ಚಾದ ಸಾಲುಗಳು ಗೋಡೆಗೆ ಮುಖ ಮಾಡಿದವು. ಎಷ್ಟು ದಿನ ಇರುತ್ತದೆ ಅದು ಎಂದು ಕೇಳಬೇಕೆನ್ನಿಸಿತು ಬಸವೇಶನಿಗೆ. ಕೇಳಲಿಲ್ಲ, ಒಂದು ಬೆಳೆಯ ಕಾಲ ಎಂದು ಗೊತ್ತಿತ್ತು.

“ಕುಂದ್ರ್ರಿ ಸರ. ಒಂದರಿಂದ” ಎಂದಳು ಮೈಲಮ್ಮ. ತಂತಿಯ ತುದಿ ಸಂದಿನಿಂದ ಹೊರಗೆ ಬಂತು. ಅವನು ಹಿಡಿದ, ಜಗ್ಗಿದ, ಇನ್ನೊಂದು ಸಂದಿನಿಂದ ಕಳಿಸಿದ. ಈ ಸಲ ಅವಳೂ ಮಾತಾಡಲಿಲ್ಲ. ಹತ್ತಕ್ಕೆ ಬಡಿದ. ಹದಿನಾರರ ಹೊತ್ತಿಗೆ ಹೊರಗೆ ಬೈಕು ನಿಂತ ಸದ್ದಾಯಿತು, ಹಾಲೇಶಪ್ಪ ಒಳಗೆ ಬಂದ.

“ಸಿಕ್ತು ನೋಡ್ರಿ ಮೇಷ್ಟ್ರೆ ಮೊಹರು! ಎಲ್ಲಿ ನಿಮ್ಮ ಹಾಳಿ, ಕೊಡ್ರಿ, ಎರಡರ ಬಸ್ಸಿಗೆ ನಾನೇ ಬಿಟ್ಟು ಬರ್ತೀನಿ. ಎಲ್ಲಿ ಮಾಡಬೇಕು ಸಹಿ? ಮೇಷ್ಟ್ರೆ?”

ಹದಿನೆಂಟು. ಬಸವೇಶ್ ತಲೆಯೆತ್ತಲಿಲ್ಲ.

“ಸುಮ್ನಿರ್ರಿ ಯಜಮಾನ್ರ” ಎಂದಿತು ಕೊಳವೆಯ ಆ ತುದಿ. “ಮಾತಾಡಸಬ್ಯಾಡ್ರಿ ಅವ್ರನ್ನ. ಎಣಸಾಕತ್ತಾರ.”

ಹಾಲೇಶಪ್ಪ ಮೊಹರು ಹಿಡಿದುಕೊಂಡೇ ನಿಂತ. ತಂತಿ ಹೋಯಿತು, ಬಂತು, ಮತ್ತೆ ಹೋಯಿತು, ಬಂತು. ಬಸವೇಶ್ ಉಂಗುರದಿಂದ ಕೊಳವೆಗೆ ಒಂದೇಟು ಬಡಿದ.